ನೀವು ಕೇಳಿದ್ದು: ಮಾಸ ಅಂದ್ರೆ ಚಂದ್ರನೋ, ತಿಂಗಳೋ?

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಒಂದೇ ಪದದ ಸುತ್ತ ಇದ್ವು, 'ಮಾಸ'. ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಪೂರ್ತಿ ಜಾಗ ಇದಕ್ಕೇ ಕೊಟ್ಟಿದೀನಿ, ಯಾಕಂದ್ರೆ ನನಗೆ ತುಂಬಾ ಇಷ್ಟವಾದ ವಿಷಯ ಇದು.

ಪ್ರಶ್ನೆ: ಸರ್ ನಮಸ್ಕಾರ. ನಾನು ಹೈಸ್ಕೂಲಲ್ಲಿ ಸಂಸ್ಕೃತ ಪಾಠ ಮಾಡ್ತೀನಿ. ಪುರುಷಸೂಕ್ತದಲ್ಲಿ 'ಚಂದ್ರಮಾ ಮನಸೋ ಜಾತಃ' ಅಂತ ಬರುತ್ತಲ್ಲ, ಅದನ್ನ ಹೇಳ್ಕೊಡುವಾಗ ಒಬ್ಬಳು ಹುಡುಗಿ, "ಚಂದ್ರ ಅಂದ್ರೆ ಸಾಕಾಗಿತ್ತಲ್ಲ ಸಾರ್, ಕೊನೇಲಿ ಆ ಮಾ ಯಾಕೆ?" ಅಂತ ಕೇಳಿದ್ಲು. ಛಂದಸ್ಸಿಗೋಸ್ಕರ ಇರಬಹುದು ಅಂದೆ, ಆದ್ರೆ ಸಮಾಧಾನ ಆಗಲಿಲ್ಲ. ದಯವಿಟ್ಟು ತಿಳಿಸಿ.
ಶಾಲಾ ಶಿಕ್ಷಕರು, ಸಾಗರ

ಉತ್ತರ: ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ ಮೇಷ್ಟ್ರೇ. ಛಂದಸ್ಸಿಗೋಸ್ಕರ ಅಲ್ಲ ಅದು. ಆ ಪದದಲ್ಲಿ ನಿಜವಾಗಿ ಚಂದ್ರ ಅಂತ ಅರ್ಥ ಕೊಡ್ತಿರೋದೇ ಆ 'ಮಾ'!

ಮೂಲ ಪದ 'ಚಂದ್ರಮಸ್'. ಚಂದ್ರಮಾಃ, ಚಂದ್ರಮಸೌ, ಚಂದ್ರಮಸಃ ಅಂತ ರೂಪ ನಡೆಯುತ್ತೆ, ನಿಮಗೆ ಗೊತ್ತಿರೋದೇ. ಮುಂದೆ 'ಮನಸೋ' ಬಂದಿರೋದ್ರಿಂದ ಸಂಧಿಯಲ್ಲಿ ವಿಸರ್ಗ ಬಿದ್ದುಹೋಗಿ ಚಂದ್ರಮಾ ಅಂತ ಉಳ್ಕೊಂಡಿದೆ. ಈಗ ಇದನ್ನ ಬಿಡಿಸಿ ನೋಡಿ, ಚಂದ್ರ ಒಂದು ಕಡೆ, ಮಸ್ ಇನ್ನೊಂದು ಕಡೆ. ಇಲ್ಲಿ 'ಚಂದ್ರ' ಅನ್ನೋದು ಮೊದಲಿಗೆ ಹೆಸರೇ ಆಗಿರಲಿಲ್ಲ, ಬರೀ ವಿಶೇಷಣ, 'ಹೊಳೆಯೋ' ಅಂತ ಅರ್ಥ ಅಷ್ಟೆ. ಋಗ್ವೇದದಲ್ಲಿ ಅಗ್ನಿಗೂ ಚಂದ್ರ ಅಂದಿದ್ದಾರೆ, ಚಿನ್ನಕ್ಕೂ ಚಂದ್ರ ಅಂದಿದ್ದಾರೆ. ಇನ್ನೂ ಹಳೇ ರೂಪ 'ಶ್ಚಂದ್ರ', ಮೊದಲಲ್ಲಿ ಒಂದು ಶಕಾರ ಇತ್ತು, ಅದು ಎಲ್ಲಾ ಕಡೆ ಉದುರಿಹೋಯ್ತು, ಆದ್ರೆ ನಮಗೆಲ್ಲ ಗೊತ್ತಿರೋ ಒಂದು ಹೆಸರಲ್ಲಿ ಇವತ್ತಿಗೂ ಹಾಗೇ ಕೂತಿದೆ, ಹರಿಶ್ಚಂದ್ರ. 'ಹರಿಚಂದ್ರ' ಅಂತ ಬರೆಯೋ ಮಕ್ಕಳಿಗೆ ಆ 'ಶ್' ಎಲ್ಲಿಂದ ಬಂತು ಅಂತ ಇದನ್ನ ಹೇಳಿ, ಮತ್ತೆ ತಪ್ಪು ಬರೆಯಲ್ಲ.

ಹೊಳೆಯೋದು ಚಂದ್ರ ಅಂದ್ಮೇಲೆ ಹೊಳೆಯೋ ವಸ್ತು ಯಾವ್ದು? ಅದೇ 'ಮಾಸ್'. ವೇದದ ಸಂಸ್ಕೃತದಲ್ಲಿ ಮಾಸ್ ಅಂದ್ರೆ ಆಕಾಶದಲ್ಲಿರೋ ಚಂದ್ರ, ಮಾಸ್ ಅಂದ್ರೆ ತಿಂಗಳು ಕೂಡ, ಎರಡಕ್ಕೂ ಒಂದೇ ಪದ. ಋಗ್ವೇದದಲ್ಲಿ 'ಸೂರ್ಯಾಮಾಸಾ' ಅಂತ ಒಂದು ದ್ವಿವಚನ ಬರುತ್ತೆ, ಸೂರ್ಯ ಮತ್ತು ಚಂದ್ರ ಇಬ್ಬರೂ ಅಂತ. ಸೂರ್ಯ ಮತ್ತು ತಿಂಗಳು ಅಂತ ಅರ್ಥ ಮಾಡಿದ್ರೆ ಅಲ್ಲಿ ಸರಿಹೋಗೋದೇ ಇಲ್ಲ. ಹಾಗಾಗಿ ಚಂದ್ರಮಸ್ ಅಂದ್ರೆ 'ಹೊಳೆಯೋ ಮಾಸ್', ಹೊಳೆಯೋ ಚಂದಿರ. ಆಮೇಲಾಮೇಲೆ ಜನ ಮೊದಲರ್ಧಾನೇ ಸಾಕು ಅಂತ ಬರೀ ಚಂದ್ರ ಅನ್ನೋಕೆ ಶುರುಮಾಡಿದ್ರು, ವಿಶೇಷಣವೇ ಹೆಸರಾಗಿ ಕೂತ್ಕೊಳ್ತು.

ಇನ್ನು ಮಾಸ್ ಅನ್ನೋ ಪದ ಎಲ್ಲಿಂದ ಬಂತು ಅಂದ್ರೆ, ಯಾಸ್ಕರ ನಿರುಕ್ತದಲ್ಲಿ (ವೇದದ ಪದಗಳ ಮೂಲ ಬಿಡಿಸಿ ಹೇಳೋ ಹಳೇ ಗ್ರಂಥ) ಅದನ್ನ 'ಮಾನ'ಕ್ಕೆ ಜೋಡಿಸ್ತಾರೆ, ಅಂದ್ರೆ ಅಳತೆಗೆ. ಮಾನ, ಮಾತ್ರೆ, ಪ್ರಮಾಣ, ಪರಿಮಾಣ ಎಲ್ಲಾ 'ಮಾ' ಧಾತುವಿನಿಂದಲೇ ಬಂದದ್ದು, ಅಳೆ ಅಂತ ಅರ್ಥ. ಈಗಿನ ಭಾಷಾಶಾಸ್ತ್ರದೋರೂ ಹೆಚ್ಚುಕಮ್ಮಿ ಅದೇ ದಾರೀಲಿ ಯೋಚಿಸ್ತಾರೆ. ಕ್ಯಾಲೆಂಡರ್ ಇಲ್ಲ, ಗಡಿಯಾರ ಇಲ್ಲ, ಅಂಥ ಕಾಲದಲ್ಲಿ ದಿನ ಎಣಿಸೋಕೆ ಸೂರ್ಯ ಅಷ್ಟು ಉಪಯೋಗಕ್ಕೆ ಬರಲ್ಲ, ದಿನಾ ಒಂದೇ ಥರ ಕಾಣ್ತಾನೆ. ಚಂದ್ರ ಹಾಗಲ್ಲ, ಅವನ ಮುಖ ನೋಡಿದ್ರೇ ಇವತ್ತು ಎಷ್ಟನೇ ದಿನ ಅಂತ ಗೊತ್ತಾಗುತ್ತೆ, ಗೆರೆಯಷ್ಟು ಇದ್ರೆ ಬಿದಿಗೆ, ಅರ್ಧ ಇದ್ರೆ ಅಷ್ಟಮಿ, ತುಂಬಿದ್ರೆ ಹುಣ್ಣಿಮೆ. ಅಳೆಯೋನೂ ಅವನೇ, ಅಳತೆಯೂ ಅವನೇ.

ನಿಮ್ಮ ಕ್ಲಾಸಿಗೆ ಒಂದು ಮಂತ್ರ ಕೊಡ್ತೀನಿ, ಬೋರ್ಡ್ ಮೇಲೆ ಬರೀರಿ. ಋಗ್ವೇದದ ಮೊದಲನೇ ಮಂಡಲ, 25ನೇ ಸೂಕ್ತ, 8ನೇ ಮಂತ್ರ: 'ವೇದ ಮಾಸೋ ಧೃತವ್ರತೋ ದ್ವಾದಶ ಪ್ರಜಾವತಃ, ವೇದಾ ಯ ಉಪಜಾಯತೇ'. ವರುಣನ ಬಗ್ಗೆ ಹೇಳ್ತಿರೋದು. ವ್ರತ ತಪ್ಪದ ಆ ವರುಣನಿಗೆ ಸಂತಾನ ಸಮೇತ ಹನ್ನೆರಡು ಮಾಸಗಳೂ ಗೊತ್ತು, ಪಕ್ಕದಲ್ಲಿ ಇನ್ನೊಂದು ಹುಟ್ಕೊಳ್ಳುತ್ತಲ್ಲ, ಅದೂ ಗೊತ್ತು ಅಂತ. ಇಲ್ಲಿ 'ಮಾಸೋ' ಅನ್ನೋದು ಆ ಹಳೇ ಮಾಸ್ ಪದದ್ದೇ ಬಹುವಚನ, ಕೊನೇಲಿ ಅಕಾರ ಇರೋ 'ಮಾಸ' ಆಗಿದ್ರೆ 'ಮಾಸಾನ್' ಅಂತಿರಬೇಕಿತ್ತು. ಪಕ್ಕದಲ್ಲಿ ಹುಟ್ಕೊಳ್ಳೋ ಆ ಹದಿಮೂರನೇದು ಯಾವ್ದು ಅಂದ್ರೆ ನಮ್ಮ ಅಧಿಕಮಾಸ. ಅಷ್ಟು ಹಿಂದೇನೇ ಚಂದ್ರನ ಲೆಕ್ಕ ಸೂರ್ಯನ ಲೆಕ್ಕಕ್ಕೆ ಕೂಡಲ್ಲ, ನಡುನಡುವೆ ಒಂದು ತಿಂಗಳು ಸೇರಿಸಬೇಕು ಅಂತ ಗೊತ್ತಿತ್ತು ನೋಡಿ, ನನಗಂತೂ ಈ ಮಂತ್ರ ಓದಿದಾಗಲೆಲ್ಲ ಮೈ ಜುಂ ಅನ್ನುತ್ತೆ.

ಕಾಲ ಕಳೀತಾ 'ಮಾಸ' ತಿಂಗಳಿಗಷ್ಟೇ ಉಳೀತು. ಅಮರಕೋಶದಲ್ಲಿ 'ಹಿಮಾಂಶುಶ್ಚಂದ್ರಮಾಶ್ಚಂದ್ರ ಇಂದುಃ ಕುಮುದಬಾಂಧವಃ' ಅಂತ ಶುರುವಾಗಿ ಚಂದ್ರನಿಗೆ 20 ಹೆಸರು ಬರ್ತವೆ, ಸೋಮ, ಗ್ಲೌ, ಮೃಗಾಂಕ, ಕಲಾನಿಧಿ ಎಲ್ಲಾ ಇವೆ, ಮಾಸ ಮಾತ್ರ ಆ ಪಟ್ಟಿಯಲ್ಲಿಲ್ಲ, ಬೇರೆ ಕಡೆ ಎರಡು ಪಕ್ಷ ಸೇರಿದ್ರೆ ಮಾಸ ಅಂತ ಇದೆ. ಚಂದ್ರ ಅನ್ನೋ ಹಳೇ ಅರ್ಥ ಸಮಾಸದ ಒಳಗಷ್ಟೇ ಉಳ್ಕೊಂಡಿದೆ, ಚಂದ್ರಮಸ್‌ನಲ್ಲಿ, ಅಮಾವಾಸ್ಯೆ ಹುಣ್ಣಿಮೆಗೆ ಮಾಡೋ ದರ್ಶಪೂರ್ಣಮಾಸ ಯಾಗದಲ್ಲಿ, ಹುಣ್ಣಿಮೆಯ ಹೆಸರಾದ ಪೌರ್ಣಮಾಸಿಯಲ್ಲಿ. ಪೌರ್ಣಮಾಸಿ ಅಂದ್ರೆ ತಿಂಗಳು ತುಂಬಿದ ದಿನ ಅಂತ ಎಷ್ಟೋ ಜನ ಅಂದ್ಕೊಂಡಿದ್ದಾರೆ. ಹಾಗಿದ್ರೆ ನಮ್ಮ ಕಡೆ ತಿಂಗಳು ಮುಗಿಯೋ ಅಮಾವಾಸ್ಯೆಗೆ ಆ ಹೆಸರು ಇರಬೇಕಿತ್ತಲ್ವಾ? ಅಲ್ಲಿ ತುಂಬಿರೋದು ಚಂದ್ರ.

ಪ್ರಶ್ನೆ: ಕನ್ನಡದ 'ತಿಂಗಳು' ಪದಕ್ಕೂ ಚಂದ್ರ, ತಿಂಗಳು ಎರಡೂ ಅರ್ಥ ಇದೆಯಲ್ವಾ? ಇದು ಸಂಸ್ಕೃತ ನೋಡಿ ಮಾಡ್ಕೊಂಡಿದ್ದಾ?
ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನೋಡಿ ಮಾಡ್ಕೊಂಡಿದ್ದಲ್ಲಮ್ಮ, ನಮ್ಮದೇ ಸ್ವಂತದ್ದು. ತಿಂಗಳ್ ಅಚ್ಚ ದ್ರಾವಿಡ ಪದ. ತಮಿಳು, ಮಲಯಾಳದಲ್ಲಿ 'ತಿಂಗಳ್' ಇದೆ, ಅಲ್ಲಿ ಚಂದ್ರ ಮತ್ತು ತಿಂಗಳು ಅಷ್ಟೇ ಅಲ್ಲ, ಸೋಮವಾರಕ್ಕೂ ಅದೇ ಹೆಸರು. ತುಳುವಿನಲ್ಲಿ ತಿಂಗೊಳು. ತೆಲುಗಿನವರು ಬೇರೆ ಪದ ಹಿಡ್ಕೊಂಡ್ರು, 'ನೆಲ', ಆದ್ರೆ ಮಜಾ ನೋಡಿ, ಅದಕ್ಕೂ ಚಂದ್ರ ಮತ್ತು ತಿಂಗಳು ಎರಡೂ ಅರ್ಥ. ಪದ ಬೇರೆಬೇರೆ, ಆದ್ರೆ ಆಕಾಶ ಒಂದೇ ಆಗಿದ್ರಿಂದ ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ.

ಇವತ್ತು ನಾವು ತಿಂಗಳು ಅಂದ್ರೆ ಸಂಬಳ, ಬಾಡಿಗೆ, ಕರೆಂಟ್ ಬಿಲ್ಲು ಅಷ್ಟೇ ನೆನಪಾಗೋ ಹಾಗಾಗಿದೆ, ಆದ್ರೆ ಬೆಳದಿಂಗಳು ಅಂತ ಬಾಯಲ್ಲಿ ಬಂದ ಕೂಡಲೇ ಆ ಹಳೇ ಚಂದ್ರ ವಾಪಸ್ ಬರ್ತಾನೆ. ಬೆಳ್ ಅಂದ್ರೆ ಬಿಳಿ, ಬೆಳ್ಳಗೆ, ಬೆಳ್ಳಿ ಅನ್ನೋದ್ರಲ್ಲಿ ಇರೋದೇ, ಅದಕ್ಕೆ ತಿಂಗಳು ಸೇರಿ ತಕಾರ ದಕಾರ ಆಗಿದೆ. ತೆಲುಗಿನ ವೆನ್ನೆಲ ಕೂಡ ಇದೇ ಕಟ್ಟು, ಬಿಳಿ ಅನ್ನೋ ವೆಲ್, ಚಂದ್ರ ಅನ್ನೋ ನೆಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎಷ್ಟು ಚೆನ್ನಾಗಿದೆ! 'ಹುಣ್ಣಿಮೆ' ಮಾತ್ರ ಸಂಸ್ಕೃತದಿಂದ ಬಂದದ್ದು, ಪೂರ್ಣಿಮಾ ಪ್ರಾಕೃತದಲ್ಲಿ ಪುಣ್ಣಿಮಾ ಆಗಿ, ಹಳಗನ್ನಡದ ಪಾಲ್ ಹಾಲು ಆದ ಹಾಗೆ ನಮ್ಮಲ್ಲಿ ಪಕಾರ ಹಕಾರ ಆಯ್ತು.

ಪ್ರಶ್ನೆ: ನಮ್ಮ ಆಫೀಸಿನ ಕಡತಗಳಲ್ಲಿ 'ಮಾರ್ಚ್ ಮಾಹೆಯ ವೇತನ', 'ಸದರಿ ಮಾಹೆ' ಅಂತೆಲ್ಲ ಬರೀತೀವಿ. ಈ ಮಾಹೆ ಯಾವ ಭಾಷೆ? ಮಾಸ ಅನ್ನೋದನ್ನೇ ಯಾರೋ ತಪ್ಪಾಗಿ ಬರೆದು ಹಾಗೇ ನಡ್ಕೊಂಡು ಬಂದಿದೆಯಾ?
ದ್ವಿತೀಯ ದರ್ಜೆ ಸಹಾಯಕರು, ಚಿತ್ರದುರ್ಗ

ಉತ್ತರ: ತಪ್ಪಲ್ಲ ಸಾರ್, ಧೈರ್ಯವಾಗಿ ಬರೀರಿ. ಅದು ಪರ್ಷಿಯನ್ 'ಮಾಹ್'. ಕಚೇರಿ ಭಾಷೆಗೆ ಆ ಕಡೆಯಿಂದ ಬಂದ ಪದಗಳು ನಿಮ್ಮ ಟೇಬಲ್ ಮೇಲೇ ಎಷ್ಟಿವೆ ನೋಡಿ, ತಹಶೀಲ್ದಾರ್, ಜಮೀನು, ದಾಖಲೆ, ಅದೇ ದಾರೀಲಿ ಮಾಹೆನೂ ಬಂತು. ವಿಶೇಷ ಏನಂದ್ರೆ ಪರ್ಷಿಯನ್‌ನಲ್ಲೂ ಮಾಹ್ ಅಂದ್ರೆ ಚಂದ್ರ ಮತ್ತು ತಿಂಗಳು ಎರಡೂ, ಯಾಕಂದ್ರೆ ಅದು ಸಂಸ್ಕೃತದ ಮಾಸ್‌ಗೆ ಒಡಹುಟ್ಟಿದ ಪದ. ನಮ್ಮ ಕಡೆ ಸಕಾರ ಇರೋ ಜಾಗದಲ್ಲಿ ಇರಾನಿನ ಭಾಷೆಗಳಲ್ಲಿ ಎಷ್ಟೋ ಸಲ ಹಕಾರ ಬರುತ್ತೆ, ಸಿಂಧು ಅಲ್ಲಿ ಹಿಂದು ಆಯ್ತು, ಸೋಮ ಹಓಮ ಆಯ್ತು, ಸಪ್ತ ಹೋಗಿ ಹಫ್ತ್ ಆಯ್ತು. ಭಜನಾ ಸಪ್ತಾಹದ ಸಪ್ತಕ್ಕೂ ಹಫ್ತಾ ವಸೂಲಿಯ ಹಫ್ತ್‌ಗೂ ಮೂಲ ಒಂದೇ, ಎರಡೂ ಏಳು.

ಇನ್ನೊಂದು ಹೇಳ್ತೀನಿ, ಇದು ಗೊತ್ತಾದಾಗ ನನಗೆ ಬಹಳ ಖುಷಿಯಾಗಿತ್ತು. ದೀಪಾವಳಿಗೆ ಮಕ್ಕಳಿಗೆ ಮತಾಪು ಕೊಡಿಸ್ತೀವಲ್ಲ, ಬಣ್ಣದ ಬೆಳಕು ಚೆಲ್ಲೋದು, ಆ ಮತಾಪು ಅನ್ನೋ ಪದ 'ಮಹತಾಬ್', ಪರ್ಷಿಯನ್‌ನಲ್ಲಿ ಬೆಳದಿಂಗಳು. ಮಹ್ ಅಂದ್ರೆ ಚಂದ್ರ, ತಾಬ್ ಅಂದ್ರೆ ಹೊಳಪು. ಅಂದ್ರೆ ಚಂದ್ರಮಸ್‌ನಲ್ಲಿ ಹೊಳಪು ಮುಂದೆ ಚಂದ್ರ ಹಿಂದೆ, ಮತಾಪಿನಲ್ಲಿ ಚಂದ್ರ ಮುಂದೆ ಹೊಳಪು ಹಿಂದೆ. ಅದೂ ಚಂದ್ರ ಕಾಣದ ಅಮಾವಾಸ್ಯೆ ರಾತ್ರಿ ಹಚ್ಚೋದು!

ಮಗನೋ ಮಗಳೋ ಡಿಗ್ರಿ ಓದ್ತಿದ್ರೆ ಇದನ್ನೂ ಹೇಳಿ, ಸೆಮಿಸ್ಟರ್ ಅನ್ನೋ ಪದದಲ್ಲೂ ಇದೇ ಮಾಸ ಇದೆ. ಲ್ಯಾಟಿನ್‌ನಲ್ಲಿ ಸೆಕ್ಸ್ ಅಂದ್ರೆ ಆರು, ಮೆನ್ಸಿಸ್ ಅಂದ್ರೆ ತಿಂಗಳು, ಎರಡೂ ಸೇರಿದ್ದು. ಸಂಸ್ಕೃತದಲ್ಲಿ ಷಟ್ ಮತ್ತು ಮಾಸ ಸೇರಿ ಷಣ್ಮಾಸ. ಬರೀ ಅರ್ಥ ಒಂದೇ ಅಂತಲ್ಲ, ಎರಡು ತುಂಡೂ ಒಂದೇ ಬೇರಿನವು. ಇಂಗ್ಲಿಷಿನ ಮೂನ್, ಮಂತ್ ಎರಡೂ ಇದೇ ಮನೆತನದವು.

ಪ್ರಶ್ನೆ: ನಾವು ಮದುವೆಯಾಗಿ ನೋಯ್ಡಾಕ್ಕೆ ಬಂದು ನೆಲೆಸಿದೀವಿ. ಇಲ್ಲಿ ಅಕ್ಕಪಕ್ಕದೋರು ಶ್ರಾವಣ ಸೋಮವಾರ ಅಂತ ಉಪವಾಸ ಶುರುಮಾಡೋ ಹೊತ್ತಿಗೆ ಊರಿಗೆ ಫೋನ್ ಮಾಡಿದ್ರೆ ಅತ್ತೆ "ಇನ್ನೂ ಆಷಾಢ ಕಣಮ್ಮ, ಭೀಮನ ಅಮಾವಾಸ್ಯೆನೇ ಆಗಿಲ್ಲ" ಅಂತಾರೆ. ಯಾರ ಲೆಕ್ಕ ಸರಿ?
ಗೃಹಿಣಿ, ನೋಯ್ಡಾ

ಉತ್ತರ: ಇಬ್ಬರದೂ ಸರಿ ತಾಯಿ, ಚಂದ್ರನೂ ಒಬ್ಬನೇ, ತಿಥಿಯೂ ಒಂದೇ, ತಿಂಗಳನ್ನ ಎಲ್ಲಿ ಕತ್ತರಿಸ್ತೀವಿ ಅನ್ನೋದು ಮಾತ್ರ ಬೇರೆ. ಕರ್ನಾಟಕ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಲ್ಲಿ ನಾವು ಅಮಾಂತ ಲೆಕ್ಕದೋರು, ಅಮಾವಾಸ್ಯೆಗೆ ತಿಂಗಳು ಮುಗೀತು, ಮಾರನೇ ದಿನ ಪಾಡ್ಯಕ್ಕೆ ಹೊಸ ತಿಂಗಳು. ಉತ್ತರದಲ್ಲಿ ಪೂರ್ಣಿಮಾಂತ, ಅಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುತ್ತೆ. ಹಾಗಾಗಿ ಶುಕ್ಲಪಕ್ಷ ಇಬ್ಬರಿಗೂ ಒಂದೇ ಹೆಸರು, ಕೃಷ್ಣಪಕ್ಷಕ್ಕೆ ಮಾತ್ರ ಅವರು ಒಂದು ತಿಂಗಳು ಮುಂದಿನ ಹೆಸರು ಹೇಳ್ತಾರೆ. ನಿಮ್ಮ ಅತ್ತೆಯೋರ ಆಷಾಢ ಬಹುಳ ಅವರ ಶ್ರಾವಣ ಕೃಷ್ಣ. ಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ ಕೃಷ್ಣ ಚತುರ್ದಶಿ, ದೀಪಾವಳಿ ಅಮಾವಾಸ್ಯೆ ನಮಗೆ ಆಶ್ವಯುಜದ್ದು, ಅವರಿಗೆ ಕಾರ್ತಿಕದ್ದು, ಆದ್ರೆ ಹಬ್ಬ ಅದೇ ದಿನ ಬರುತ್ತೆ ತಾನೆ? ವಾರದ ವ್ರತಗಳಲ್ಲಿ ಮಾತ್ರ ಫಜೀತಿ, ಶ್ರಾವಣ ಸೋಮವಾರ ಅವರಿಗೆ ಸುಮಾರು ಹದಿನೈದು ದಿನ ಮೊದಲೇ ಶುರುವಾಗುತ್ತೆ. ನಿಮ್ಮ ಮನೆ ಪದ್ಧತಿ ಅಮಾಂತ, ಅತ್ತೆ ಹೇಳಿದ ಹಾಗೇ ಮಾಡಿ, ಅಕ್ಕಪಕ್ಕದೋರ ಜತೆ ಮಾಡಬೇಕು ಅನ್ನಿಸಿದ್ರೆ ಅದೂ ಮಾಡಿ, ತಪ್ಪೇನಿಲ್ಲ.

ತಿಂಗಳ ಹೆಸರು ಮಾತ್ರ ಇಬ್ಬರಿಗೂ ಹುಣ್ಣಿಮೆಯಿಂದಲೇ ಬಂದಿದ್ದು. ಯಾವ ತಿಂಗಳ ಹುಣ್ಣಿಮೆಯಲ್ಲಿ ಚಂದ್ರ ಚಿತ್ತಾ ನಕ್ಷತ್ರದ ಹತ್ತಿರ ಇರ್ತಾನೋ ಅದು ಚೈತ್ರ, ವಿಶಾಖೆ ಹತ್ತಿರ ಇದ್ರೆ ವೈಶಾಖ, ಶ್ರವಣದ ಹತ್ತಿರ ಶ್ರಾವಣ, ಕೃತ್ತಿಕೆಗೆ ಕಾರ್ತಿಕ, ಮಖೆಗೆ ಮಾಘ. ಇದಕ್ಕೆ ಪಾಣಿನಿಯ ವ್ಯಾಕರಣದಲ್ಲಿ ಸೂತ್ರವೇ ಇದೆ, 'ಸಾಸ್ಮಿನ್ ಪೌರ್ಣಮಾಸೀತಿ', ಅಂದ್ರೆ ಆ ಹುಣ್ಣಿಮೆ ಇದರಲ್ಲಿದೆ ಅಂತ. ಇದನ್ನ ಪುಸ್ತಕದಲ್ಲಿ ಓದೋದಕ್ಕಿಂತ ಕಣ್ಣಾರೆ ನೋಡೋದು ವಾಸಿ. ಚೈತ್ರ ಹುಣ್ಣಿಮೆ ದಿನ ಸೂರ್ಯ ಮುಳುಗಿ ಒಂದೆರಡು ಗಂಟೆ ಆದ್ಮೇಲೆ ಮಕ್ಕಳನ್ನ ಟೆರೇಸಿಗೆ ಕರ್ಕೊಂಡು ಹೋಗಿ, ಪೂರ್ವದ ಕಡೆ ಚಂದ್ರ ಎದ್ದಿರ್ತಾನೆ, ಅವನ ಆಸುಪಾಸಲ್ಲಿ ನೀಲಿ ಛಾಯೆಯ ಬಿಳಿ ನಕ್ಷತ್ರ ಒಂದು ಕಾಣುತ್ತೆ, ಹುಣ್ಣಿಮೆ ಬೆಳಕಿಗೂ ಮಂಕಾಗದೆ ಇರುತ್ತೆ, ಅದೇ ಚಿತ್ತೆ. ಕೃತ್ತಿಕೆಯ ಗೊಂಚಲು ಮಾತ್ರ ಕಾರ್ತಿಕ ಹುಣ್ಣಿಮೆ ಬೆಳಕಲ್ಲಿ ಕಾಣೋದು ಕಷ್ಟ, ಅದನ್ನ ಆಮೇಲೆ ಕತ್ತಲೆ ಇರೋ ದಿನ ನೋಡಿ. ವೇದಕಾಲದಲ್ಲಿ ಇವಲ್ಲದೆ ಇನ್ನೊಂದು ಜತೆ ಹೆಸರುಗಳಿದ್ವು, ಮಧು, ಮಾಧವ, ಶುಕ್ರ, ಶುಚಿ, ನಭ, ನಭಸ್ಯ ಅಂತ ಹನ್ನೆರಡು, ಅವು ನಕ್ಷತ್ರದ್ದಲ್ಲ, ಋತುಗಳ ಹೆಸರು, ಯಜುರ್ವೇದದಲ್ಲಿ ಬರ್ತವೆ.

ಲೆಕ್ಕ ಬೇಕು ಅನ್ನೋರಿಗೆ ಹೇಳ್ತೀನಿ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ, ಹನ್ನೆರಡಕ್ಕೆ ಗುಣಿಸಿದ್ರೆ 354 ದಿನದ ಚಿಲ್ಲರೆ, ವರ್ಷಕ್ಕೆ ಹತ್ತಿರ ಹತ್ತಿರ 11 ದಿನ ಕೊರತೆ. ಹಿಜ್ರಿ ಕ್ಯಾಲೆಂಡರಿನಲ್ಲಿ ಆ ಕೊರತೆಯನ್ನ ಹಾಗೇ ಬಿಡ್ತಾರೆ, ಅದಕ್ಕೇ ರಂಜಾನ್ ವರ್ಷವರ್ಷಕ್ಕೂ ಹಿಂದೆ ಬರ್ತಾ ಎಲ್ಲಾ ಕಾಲದಲ್ಲೂ ಸುತ್ತುತ್ತೆ. ನಾವು ಹಾಗೆ ಬಿಡಲ್ಲ, ಸುಮಾರು 32-33 ತಿಂಗಳಿಗೊಮ್ಮೆ ಸಂಕ್ರಮಣ, ಅಂದ್ರೆ ಸೂರ್ಯ ರಾಶಿ ಬದಲಿಸೋದು, ಬೀಳದ ಒಂದು ಚಾಂದ್ರಮಾಸ ಸಿಗುತ್ತೆ, ಅದನ್ನ ಅಧಿಕ ಅಂತ ಸೇರಿಸ್ತೀವಿ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಮೇಲೆ ಮೇಷ್ಟ್ರಿಗೆ ಹೇಳಿದ ವರುಣನ ಮಂತ್ರದ ಹದಿಮೂರನೇ ಮಾಸ ಅಂದ್ರೆ ಇಂಥದ್ದೇ. ತುಳುನಾಡಿನೋರಿಗೆ ಈ ತಾಪತ್ರಯವೇ ಇಲ್ಲ, ಅವರದು ಸೌರಮಾನ, ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಲ್ಲಾ ಸಂಕ್ರಮಣದಿಂದ ಸಂಕ್ರಮಣಕ್ಕೆ. ಸೂರ್ಯನ ಲೆಕ್ಕದ ತಿಂಗಳಾದ್ರೂ ಅದಕ್ಕೆ ತಿಂಗೊಳು ಅಂತ ಚಂದ್ರನ ಹೆಸರನ್ನೇ ಇಟ್ಕೊಂಡಿದ್ದಾರೆ.

ಪ್ರಶ್ನೆ: ಹಾಗಾದ್ರೆ ಅಮಾವಾಸ್ಯೆಯಲ್ಲೂ ಈ ಮಾಸ ಇದೆಯಾ? ನಮ್ಮೂರಲ್ಲಿ ಅಮಾಸೆ ಅಂತಾನೇ ಅನ್ನೋದು.
ರೈತರು, ಮಳವಳ್ಳಿ

ಉತ್ತರ: ಇಲ್ಲ ಯಜಮಾನ್ರೇ, ಕಿವಿಗೆ ಹಾಗೆ ಕೇಳುತ್ತೆ ಅಷ್ಟೆ. 'ಅಮಾ' ಅಂದ್ರೆ ಜತೆಯಲ್ಲಿ, 'ವಸ್' ಅಂದ್ರೆ ವಾಸ ಮಾಡೋದು. ಆವತ್ತು ಸೂರ್ಯ ಚಂದ್ರ ಒಂದೇ ದಿಕ್ಕಲ್ಲಿ ಒಟ್ಟಿಗೆ ಇರ್ತಾರಲ್ಲ, ಅದಕ್ಕೆ ಅಮಾವಾಸ್ಯೆ. ನಿಮ್ಮ ಅಮಾಸೆ ಅದೇ ಪದ ಬಾಯಿಗೆ ಸಲೀಸಾಗಿರೋದು, ಅದರಲ್ಲಿ ತಪ್ಪಿಲ್ಲ. ಕೆಟ್ಟ ದಿನ ಅಂತ ಹೆಸರಲ್ಲಂತೂ ಎಲ್ಲೂ ಇಲ್ಲ.

ಪ್ರಶ್ನೆ: ನವಮಾಸ ತುಂಬಿತು ಅಂತೀವಿ, ಆದ್ರೆ ಮಂತ್ರದಲ್ಲಿ ಪುರೋಹಿತರು ಹತ್ತು ತಿಂಗಳು ಅಂತ ಹೇಳಿದ ಹಾಗೆ ಕೇಳಿಸ್ತು. ಡಾಕ್ಟ್ರು 40 ವಾರ ಅಂತಾರೆ. ಮಗಳಿಗೆ ಈಗ ಏಳು ತುಂಬಿದೆ, ಮೂರರಲ್ಲಿ ಯಾವುದನ್ನ ನಂಬೋದು?
ಒಬ್ಬ ತಾಯಿ, ಶಿರಸಿ

ಉತ್ತರ: ನಿಮಗೆ ಕೇಳಿಸಿದ್ದು ಸರಿಯಾಗೇ ಇದೆ. ಋಗ್ವೇದದ ಐದನೇ ಮಂಡಲದಲ್ಲಿ 'ದಶ ಮಾಸಾನ್' ಅಂತಾನೇ ಇದೆ, ಹತ್ತು ಮಾಸ ತಾಯಿಯ ಒಳಗೆ ಮಲಗಿದ್ದ ಕುಮಾರ ಪೆಟ್ಟಾಗದೆ ಜೀವಂತವಾಗಿ ಹೊರಗೆ ಬರಲಿ, ತಾಯಿಯೂ ಜೀವಂತ ಇರಲಿ ಅಂತ ಹಾರೈಸೋ ಮಂತ್ರ. ಎಂಥಾ ಹಾರೈಕೆ ಅದು! ಲೆಕ್ಕಕ್ಕೆ ಬಂದ್ರೆ, ಡಾಕ್ಟ್ರ 40 ವಾರ ಅಂದ್ರೆ 280 ದಿನ, ಅದು ಕೊನೇ ಮುಟ್ಟಿನ ಮೊದಲ ದಿನದಿಂದ. ಗರ್ಭ ನಿಂತ ದಿನದಿಂದ ಎಣಿಸಿದ್ರೆ ಸುಮಾರು 266. ಅದನ್ನ ಚಂದ್ರನ 29.53ರಿಂದ ಭಾಗಿಸಿ ನೋಡಿ, ಸರಿಯಾಗಿ ಒಂಬತ್ತು ಬರುತ್ತೆ. ಚಂದ್ರ ಹೊರಟ ನಕ್ಷತ್ರಕ್ಕೇ ವಾಪಸ್ ಬರೋಕೆ 27.3 ದಿನ ಸಾಕು, ಆ ಲೆಕ್ಕ ಹಿಡಿದ್ರೆ ಹತ್ತರ ಹತ್ತಿರ ಬರುತ್ತೆ. ಒಂಬತ್ತು ತುಂಬಿ ಹತ್ತಕ್ಕೆ ಬಿದ್ದಿದೆ ಅಂತ ನಾವೇ ಎಣಿಸೋದಿಲ್ವಾ, ಹಾಗೂ ಆಗುತ್ತೆ. ಮೂರೂ ಒಂದಕ್ಕೊಂದು ವಿರುದ್ಧ ಅಲ್ಲ. ಆದ್ರೆ ಚೆಕಪ್ಪಿಗೆ, ಸ್ಕ್ಯಾನಿಂಗಿಗೆ, ಆಸ್ಪತ್ರೆಗೆ ಹೊರಡೋ ದಿನಕ್ಕೆ ಡಾಕ್ಟ್ರ ವಾರದ ಲೆಕ್ಕವನ್ನೇ ಹಿಡೀರಿ, ಕ್ಯಾಲೆಂಡರ್ ತಿಂಗಳು 30, 31 ಅಂತ ಏರುಪೇರು ಇರೋದ್ರಿಂದ ಅದರಲ್ಲಿ ಎಣಿಸೋಕೆ ಹೋಗ್ಬೇಡಿ. ಮಗಳಿಗೆ ಸುಖವಾಗಿ ಹೆರಿಗೆಯಾಗಲಿ.

ಪ್ರಶ್ನೆ: 'ಮಾಸಿದ ಬಟ್ಟೆ' ಅನ್ನೋದಕ್ಕೂ ಮಾಸಕ್ಕೂ ಸಂಬಂಧ ಇದೆಯಾ? ಚಂದ್ರನಲ್ಲೂ ಕಲೆ ಇದೆಯಲ್ಲ.
ಏಳನೇ ಕ್ಲಾಸ್ ಹುಡುಗ, ಗೌರಿಬಿದನೂರು

ಉತ್ತರ: ಯೋಚನೆ ಚೆನ್ನಾಗಿದೆ ಪುಟ್ಟ, ಆದ್ರೆ ಸಂಬಂಧ ಇಲ್ಲ. ಮಾಸು ಅನ್ನೋದು ನಮ್ಮ ಭಾಷೆಯದೇ ಕ್ರಿಯಾಪದ, ತಮಿಳಲ್ಲೂ ಕೊಳೆಗೆ, ಕಲೆಗೆ 'ಮಾಸು' ಅಂತಾನೇ ಅಂತಾರೆ. ಚಂದ್ರನ ಕಲೆಯನ್ನ ನಮ್ಮ ಹಿರಿಯರು ಮೊಲ ಅಂದ್ರು, ಜಿಂಕೆ ಅಂದ್ರು. ಮೊಲ ಕಂಡೋರು ಶಶಾಂಕ ಅಂತ ಹೆಸರಿಟ್ರು, ಜಿಂಕೆ ಕಂಡೋರು ಮೃಗಾಂಕ ಅಂತ. ಈ ಹುಣ್ಣಿಮೆಗೆ ಹೊರಗೆ ಬಂದು ನಿಂಗೆ ಯಾವ್ದು ಕಾಣುತ್ತೆ ನೋಡಿ ಬರಿ, ಮುಂದಿನ ಸಲ ಹಾಕೋಣ.